ನನ್ನ ಪಾಠಕ್ಕೆ ನನ್ನದೇ ದನಿ

"ಕಟ್!"

ಮತ್ತೆ ಕಟ್! ಹೈದರಾಬಾದಿನ ಮಾದಾಪುರದ ಆ ಸ್ಟುಡಿಯೋದಲ್ಲಿ ಕ್ಯಾಮೆರಾ ಮುಂದೆ ನಿಂತಿದ್ದ ಶಿವದೇವಿಯ ಕಿವಿ ಕೆಂಪಗಾದವು.

ಕೋಠಿ ಬಜಾರಿನ ತನ್ನ ತರಗತಿಯಲ್ಲಿ ಅವಳು ಇಂಗ್ಲಿಷ್ ವ್ಯಾಕರಣ ಹೇಳಿಕೊಡಲು ನಿಂತರೆ ಕೆಳಗಿನ ರಸ್ತೆಯ ಬಸ್ಸಿನ ಹಾರನ್ನಿಗೂ ಅವಳನ್ನು ನಿಲ್ಲಿಸುವ ತಾಕತ್ತಿರಲಿಲ್ಲ. ಇಲ್ಲಿ ನೋಡಿದರೆ ಗಾಜಿನ ಆಚೆ ಹೆಡ್‌ಫೋನ್ ಹಾಕಿಕೊಂಡು ಕೂತ ಒಬ್ಬ ಮನುಷ್ಯ ಕೈ ಎತ್ತಿದರೆ ಸಾಕು, ಪಾಠ ಬಂದ್!

ಆ ಮನುಷ್ಯ ಎದ್ದು ಹೊರಗೆ ಬಂದ. ಎತ್ತರದ ಆಳು, ಕಪ್ಪು ಬಣ್ಣ, ಮುಖದಲ್ಲಿ ನಗುವಿನ ಸುಳಿವಿಲ್ಲ. ಕುತ್ತಿಗೆಯಲ್ಲಿ ತೂಗುತ್ತಿದ್ದ ಕಾರ್ಡಿನ ಮೇಲೆ ಹೆಸರಿತ್ತು... ಋಷಭ್ ಜೈನ್. ಆ ಕಲಿಕಾ ಆ್ಯಪ್ ಕಂಪನಿಯಲ್ಲಿ ಅವನು ನೋಡಿ ಪಾಸ್ ಮಾಡದ ಪಾಠ ಯಾವ ಮಗುವಿನ ಫೋನಿಗೂ ಹೋಗುತ್ತಿರಲಿಲ್ಲ.

"ಮೇಡಂ, ಉಸಿರು ತೆಗೆದುಕೊಳ್ಳಬೇಕು ಅನಿಸಿದಲ್ಲಿ ಕಾಮಾ ಹಾಕಿ ಅಂದಿರಿ. ಅದು ತಪ್ಪು," ಎಂದ ಹಿಂದಿಯಲ್ಲಿ.

"ಎಲ್ಲರೂ ಹಾಗೇ ಹೇಳಿಕೊಡ್ತಾರೆ ಸರ್."

"ಎಲ್ಲರೂ ತಪ್ಪು ಹೇಳಿಕೊಡ್ತಾರೆ. ಉಬ್ಬಸ ಇರುವ ಹುಡುಗ ಪ್ರತಿ ಪದಕ್ಕೂ ಒಂದು ಕಾಮಾ ಹಾಕಿದರೆ ಮಾರ್ಕ್ಸ್ ಕೊಡ್ತೀರಾ?"

ಕ್ಯಾಮೆರಾದವನು ಕಿಸಕ್ಕೆಂದ. ಶಿವದೇವಿಗೆ ಮೈಯೆಲ್ಲ ಉರಿ! ಅಷ್ಟರಲ್ಲಿ ಫೋನ್ ಬಂತು. ಅವ್ವ! ಶಿವದೇವಿ ಗೋಡೆಯ ಕಡೆ ತಿರುಗಿದಳು. ಹೈದರಾಬಾದಿನ ಈ ಸ್ಟುಡಿಯೋದಲ್ಲಿ ಕನ್ನಡ ಯಾರಿಗೆ ತಿಳಿಯಬೇಕು?

"ಏನ್ ಹೇಳ್ಲಿ ಅವ್ವಾ! ಇಲ್ಲೊಬ್ಬ ಮಾರ್ವಾಡಿ ಕುಂತಾನ, ಬಾಯಿ ತೆಗ್ಯಾಕ ಬಿಡವಲ್ಲ. ಮಾರಿ ನೋಡಿದ್ರ ಸುಟ್ಟ ಬದನಿಕಾಯಿ! ಯಾವ ಕಾಲಕ್ಕ ನಕ್ಕಿದ್ನೋ ಏನೋ!"

ಅವಳ ದುಪಟ್ಟಾದ ಅಂಚಿನಲ್ಲಿ ಗುಂಡುಸೂಜಿಯಷ್ಟು ಚಿಕ್ಕ ಮೈಕ್ ಇನ್ನೂ ಅಂಟಿಕೊಂಡಿತ್ತು. ಆಗಲೇ ಗಾಜಿನ ಆಚೆ ಹೋಗಿ ಕೂತಿದ್ದ ಋಷಭ್ ಹೆಡ್‌ಫೋನ್ ಹಾಕಿಕೊಂಡು ಎರಡು ಸಲ ಕೆಮ್ಮಿ ತಲೆ ಕೆಳಗೆ ಹಾಕಿದ.

ನಿಮಗೊಂದು ಗುಟ್ಟು ಹೇಳಿಬಿಡುತ್ತೇನೆ. ಅವನು ಮಾರ್ವಾಡಿಯೇ ಅಲ್ಲ! ಕಾರ್ಕಳದ ಜೈನರ ಹುಡುಗ. ಹತ್ತನೇ ತರಗತಿ ಮುಗಿಸಿ ಲಿಂಗಸುಗೂರಿನಿಂದ ಬಂದು ಕೋಠಿಯ ಬಟ್ಟೆ ಅಂಗಡಿಯಲ್ಲೇ ದೊಡ್ಡವಳಾದ ನಮ್ಮ ಶಿವದೇವಿಗೆ ಜೈನ್ ಅಂದರೆ ಒಂದೇ ಅರ್ಥ... ಅಪ್ಪನಿಗೆ ಥಾನುಗಟ್ಟಲೆ ಬಟ್ಟೆ ಕೊಡುವ ಮಾರ್ವಾಡಿ ಸೇಠ್. ಕಡಲ ಕಡೆಗೂ ಜೈನರಿದ್ದಾರೆ, ಅವರೂ ಕನ್ನಡದಲ್ಲೇ ಜಗಳವಾಡುತ್ತಾರೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೊಸ್ತಿಲು ದಾಟಿದರೆ ತೆಲುಗು, ಇಲ್ಲವೇ ಹಿಂದಿ. ಇಲ್ಲಿರುವ ನಮ್ಮವರೆಲ್ಲರ ರೂಢಿ ಅದು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಗೊತ್ತಾಗುವುದಾದರೂ ಹೇಗೆ?

ಮರುದಿನ ಶಿವದೇವಿ ಒಂದು ಚೀಲ ಹೊತ್ತು ಬಂದಳು. ಕ್ಯಾಮೆರಾ ಚಾಲೂ ಆಗುವ ಮೊದಲೇ ಚೀಲವನ್ನು ಋಷಭ್‌ನ ಮೇಜಿನ ಮೇಲೆ ಸುರಿದಳು. ಅಪ್ಪನ ಅಂಗಡಿಯ ಕತ್ತರಿಯಿಂದ ಉಳಿದ ಬಟ್ಟೆಯ ಚಿಂದಿಗಳು! ಒಂದು ಉದ್ದನೆಯ ಬಿಳಿ ಚಿಂದಿಯ ಮೇಲೆ 'ಮೈ ಫಾದರ್ ಸೆಲ್ಸ್ ಕ್ಲಾತ್' ಎಂದು ಬರೆದಿದ್ದಳು. ಕೆಂಪು ಚಿಂದಿಯ ಮೇಲೆ 'ಇನ್ ದಿ ಕ್ರೌಡೆಡ್ ಮಾರ್ಕೆಟ್'.

"ಈ ಕೆಂಪು ತುಂಡು ಒಂದು ಪದಪುಂಜ ಸರ್. ಪದ ಎಷ್ಟಿದ್ದರೂ ತುಂಡು ಒಂದೇ. ಯಾರು ಏನು ಮಾಡಿದರು ಅನ್ನೋದು ಇದರಲ್ಲಿಲ್ಲ, ಹಾಗಾಗಿ ಒಂಟಿಯಾಗಿ ನಿಲ್ಲೋದಿಲ್ಲ. ವಾಕ್ಯದ ಹಿಂದೆ ಇಟ್ಟರೆ ಸುಮ್ಮನೆ ಹೊಂದಿಕೊಳ್ಳುತ್ತೆ. ಮುಂದೆ ತಂದಿಟ್ಟರೆ ಸೇರುವ ಜಾಗದಲ್ಲಿ ಒಂದು ಟಾಚಣಿ ಚುಚ್ಚಬೇಕು." ಅವಳು ಒಂದು ಗುಂಡುಸೂಜಿ ತೆಗೆದು ಚುಚ್ಚಿಯೇ ತೋರಿಸಿದಳು. "ಈ ಟಾಚಣಿಯೇ ಕಾಮಾ. ಉಸಿರಿನ ಸುದ್ದಿ ಬೇಡ. ಈಗ ಸರಿಯಾ?"

ಅವನು ಕೆಂಪು ಚಿಂದಿಯನ್ನು ಎತ್ತಿಕೊಂಡ. ಹಿಂದೆ ಇಟ್ಟ, ಮುಂದೆ ಇಟ್ಟ.

"ವಾಕ್ಯದ ನಡುವೆ ತೂರಿಸಿದರೆ?"

"ಎರಡೂ ಕಡೆ ಟಾಚಣಿ. ಒಂದೇ ಕಡೆ ಚುಚ್ಚಿದರೆ ಇನ್ನೊಂದು ಕಡೆ ಜೋತುಬೀಳುತ್ತೆ."

ಋಷಭ್ ನಕ್ಕುಬಿಟ್ಟ! ಆ ಕಪ್ಪು ಮುಖದಲ್ಲಿ ಅಷ್ಟು ಚೆಂದದ ನಗು ಎಲ್ಲಿ ಅಡಗಿತ್ತೋ! ಶಿವದೇವಿ ಬೈಯಲು ಸಿದ್ಧ ಮಾಡಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತೇಹೋದವು.

ಆಮೇಲೆ ಪಾಠಗಳು ಒಂದರ ಹಿಂದೆ ಒಂದು ಬಂದವು. ಪದಪುಂಜ, ಕಾಮಾ, ಅರ್ಧವಿರಾಮ, ಉದ್ಧರಣ ಚಿಹ್ನೆ... ಇಬ್ಬರೂ ಪ್ರತಿಯೊಂದಕ್ಕೂ ಹಿಂದಿಯಲ್ಲಿ ಕಿತ್ತಾಡಿದರು. ಅವನು ಪಟ್ಟು ಬಿಡುವವನಲ್ಲ, ಇವಳು ಸೋಲುವವಳಲ್ಲ. ಊಟದ ಹೊತ್ತಿಗೆ ಅವಳು ಮೂಲೆಯ ಕುರ್ಚಿಯಲ್ಲಿ ಕೂತು ಅವ್ವನಿಗೆ ಫೋನ್ ಮಾಡುತ್ತಿದ್ದಳು. ಗಾಜಿನ ಆಚೆ ಅವನು ಡಬ್ಬಿ ಬಿಚ್ಚುತ್ತಿದ್ದ. ಕಿವಿಯ ಹೆಡ್‌ಫೋನ್ ತೆಗೆಯಬೇಕಿತ್ತು, ತೆಗೆಯುತ್ತಿರಲಿಲ್ಲ.

ಒಂದು ದಿನ ಅವಳು ಗಂಟಲು ಕಟ್ಟಿದೆ ಎಂದು ಅವ್ವನಿಗೆ ಹೇಳಿ ಫೋನ್ ಇಡುವಷ್ಟರಲ್ಲಿ ಬಿಸಿಬಿಸಿ ಮೆಣಸಿನ ಕಷಾಯ ಅವಳೆದುರು ಬಂತು. "ದನಿ ಒಡೆದಿತ್ತು, ಅದಕ್ಕೆ," ಎಂದ ಋಷಭ್. ಎಷ್ಟು ಸೂಕ್ಷ್ಮ ಈ ಮನುಷ್ಯ, ಅಂದುಕೊಂಡಳು ಹುಚ್ಚು ಹುಡುಗಿ!

"ಏ ಶಿವಿ," ಎಂದು ಅವ್ವ ಮರುದಿನ ಛೇಡಿಸಿದಳು, "ಮೊನ್ನಿ ತನಕ ಅವ, ಇವ ಅಂತಿದ್ದಿ. ಈಗ ಅವ್ರು, ಇವ್ರು ಅನ್ನಾಕತ್ತೀಯಲ್ಲ! ಏನ್ ಸಮಾಚಾರ?"

"ಹೋಗವ್ವಾ! ದೊಡ್ಡವ್ರಿಗೆ ರಿ ಹಚ್ಚಬೇಕಂತ ನೀನಾ ಕಲಿಸಿದ್ದಿಲ್ಲೇನು?" ಎಂದಳು ಶಿವದೇವಿ. ಮುಖ ಮಾತ್ರ ಕೆಂಪೇರಿತ್ತು. ಗಾಜಿನ ಆಚೆ ಒಬ್ಬನಿಗೆ ತುತ್ತು ನೆತ್ತಿಗೇರಿತು.

ಇನ್ನೊಂದು ದಿನ ಅವಳು ನಗಲಿಲ್ಲ. "ಅಂಜಿಕಿ ಬರ್ತೈತವ್ವಾ... ಎಸ್ಸೆಸ್ಸೆಲ್ಸಿಯೊಳಗ ಇಂಗ್ಲಿಷ್ ನಪಾಸಾದಾಕಿ ನಾ. ಮಾವ ಎಲ್ಲರ ಮುಂದ ಅಂದಿದ್ದ, ಇಕಿ ನಸೀಬದಾಗ ಕಸಬರಿಗಿ ಐತಿ ಅಂತ. ಈಗ ಸಾವಿರಗಟ್ಟಲೆ ಹುಡುಗ್ರಿಗೆ ನಾ ಪಾಠ ಹೇಳಾಕಿ. ಯಾರರೆ ಎದ್ದು ನಿಂತು ನಿನ್ನ ಯೋಗ್ಯತಿ ಏನು ಅಂತ ಕೇಳಿದ್ರ?"

ಋಷಭ್ ಆ ದಿನ ಹೆಡ್‌ಫೋನ್ ತೆಗೆದ. ಆದರೆ ಎಲ್ಲ ಕೇಳಿ ಆದಮೇಲೆ ತೆಗೆದ.

ಪಾಠಗಳೆಲ್ಲ ಮುಗಿದ ಮೇಲೆ ಕಂಪನಿಯ ಮುಖ್ಯಸ್ಥ ಸತೀಶ ಅವಳನ್ನು ತನ್ನ ಕೋಣೆಗೆ ಕರೆಸಿದ. ಮೃದುವಾದ ತೆಲುಗು, ಮೃದುವಾದ ನಗು.

"ಪಾಠ ಬಹಳ ಚೆನ್ನಾಗಿವೆ ಮೇಡಂ. ಒಂದು ಸಣ್ಣ ಬದಲಾವಣೆ. ಮುಖ ನಿಮ್ಮದೇ ಇರುತ್ತೆ, ದನಿ ಮಾತ್ರ ಬೇರೆಯವರದ್ದು ಹಾಕ್ತೀವಿ. ಶರ್ವರಿ ಅಂತ ಇದ್ದಾರೆ, ಒಳ್ಳೆ ಕಾನ್ವೆಂಟ್ ಇಂಗ್ಲಿಷ್. ನಿಮ್ಮ ಉಚ್ಚಾರ ಸ್ವಲ್ಪ... ಊರಿನ ಕಡೆಯದು."

ಶಿವದೇವಿ ಕುರ್ಚಿಯಿಂದ ಎದ್ದಳು.

"ಮತ್ತೆ... ನೀವು ಶಾಲೆಯಲ್ಲಿ ಇಂಗ್ಲಿಷ್ ಫೇಲ್ ಆಗಿದ್ದಿರಂತೆ? ಪೋಷಕರಿಗೆ ಗೊತ್ತಾದರೆ ಕಷ್ಟ. ಅದಕ್ಕೂ ಇದೇ ಒಳ್ಳೆಯದು."

ಎದೆ ಧಸಕ್ಕೆಂದಿತು! ಮನೆಯವರನ್ನು ಬಿಟ್ಟರೆ ಈ ಊರಿನಲ್ಲಿ ಅದು ಯಾರಿಗೂ ಗೊತ್ತಿಲ್ಲ. ಹೇಳಿದ್ದು ಅವ್ವನಿಗೆ ಮಾತ್ರ. ಅದೂ ಫೋನಿನಲ್ಲಿ, ಕನ್ನಡದಲ್ಲಿ...

ಅವಳು ತಡವರಿಸುತ್ತಾ ಮೆಟ್ಟಿಲ ಕಡೆ ಬಂದಳು. ಕೆಳಗಿನ ತಿರುವಿನಲ್ಲಿ ಯಾರೋ ಫೋನಿನಲ್ಲಿ ಮಾತಾಡುತ್ತಿದ್ದರು. ಕನ್ನಡ! ಕಡಲ ಕಡೆಯ ಕನ್ನಡ!

"ಇಲ್ಲ ಅಕ್ಕಾ, ಇನ್ನೂ ಹೇಳ್ಲಿಲ್ಲ. ನನಗೆ ಕನ್ನಡ ಬರ್ತದೆ ಅಂತ ಗೊತ್ತಾದ್ರೆ ಅವರು ನನ್ನನ್ನು ಜೀವ ಸಹಿತ ಬಿಡ್ತಾರಾ? ಹೇಳ್ಬೇಕು ಅಂತ ಉಂಟು, ಹೆದರಿಕೆ ಆಗ್ತದೆ ಮಾರಾಯ್ತಿ..."

ಮಾತು ಅಲ್ಲಿಗೇ ನಿಂತಿತು. ಋಷಭ್ ತಲೆಯೆತ್ತಿದ್ದ. ಮೇಲಿನ ಮೆಟ್ಟಿಲಲ್ಲಿ ಶಿವದೇವಿ ನಿಂತಿದ್ದಳು.

"ವಾಹ್!" ಎಂದಳು ಅವಳು. ಕಣ್ಣು ತುಂಬಿದ್ದವು, ದನಿ ಮಾತ್ರ ನಡುಗಲಿಲ್ಲ. "ಭಾಳ ಛಲೋ ಕನ್ನಡ ಬರ್ತೈತಲ್ರಿ ನಿಮಗ! ಇಷ್ಟು ದಿವಸ ನಮ್ಮವ್ವನ ಸಂಗಟ ನಾ ಆಡಿದ್ದೆಲ್ಲಾ ಕುಂತು ಕೇಳಿದ್ರಿ, ಹೌದಿಲ್ಲೋ?"

"ಶಿವದೇವಿಯವರೇ, ಒಂದು ನಿಮಿಷ..."

"ಆ ಕಷಾಯ! ಅದೂ ಕದ್ದು ಕೇಳಿದ ಮಾತಿಂದಾ ಬಂದಿದ್ದು! ನಾ ನಪಾಸಾಗಿದ್ದು ಸತೀಶ್ ಅವ್ರಿಗೆ ಮುಟ್ಟಿದ್ದೂ ಹಂಗಾ!"

"ಕೇಳಿದ್ದು ಹೌದು. ಆದ್ರೆ ಸತೀಶ್ ಅವರಿಗೆ ಹೇಳಿದ್ದು ನಾನಲ್ಲ. ಆಣೆ ಮಾಡ್ತೇನೆ!"

"ಮತ್ತ ಗ್ವಾಡಿ ಬಂದು ಹೇಳ್ತೇನು? ಮೈಕ್ ಚಾಲೂ ಐತಿ ಅಂತ ಹಿಂದಿಯೊಳಗರೆ ಒಂದ್ ಮಾತು ಹೇಳಬಹುದಿತ್ತಲ್ರಿ! ಹೇಳಿದ್ರ ನಿಮ್ದೇನು ಹೋಗ್ತಿತ್ತು?"

ಋಷಭ್ ತಲೆ ತಗ್ಗಿಸಿದ. ಆ ತಗ್ಗಿದ ತಲೆಯನ್ನು ನೋಡಿ ಅವಳಿಗೆ ಇನ್ನಷ್ಟು ನೋವಾಯಿತು. ಬೈಯಬೇಕು ಅನ್ನಿಸುತ್ತಿತ್ತು, ಅಳಬೇಕು ಅನ್ನಿಸುತ್ತಿತ್ತು, ಅವನೇ ಬಂದು ಕಣ್ಣೊರೆಸಬೇಕು ಎಂದೂ ಅನ್ನಿಸಿ ತನ್ನ ಮೇಲೆಯೇ ಸಿಟ್ಟು ಬಂತು.

ಅವಳು ಕೆಳಗೆ ಇಳಿಯಲಿಲ್ಲ. ಬಂದ ದಾರಿಯಲ್ಲೇ ತಿರುಗಿ ಸತೀಶನ ಕೋಣೆಯ ಬಾಗಿಲು ದೂಡಿದಳು.

"ಸತೀಶ್ ಗಾರೂ, ನನ್ನ ಮುಖ ಬೇಕಾದರೆ ನನ್ನ ದನಿಯೂ ಬೇಕು. ಬಿಡಿಯಾಗಿ ಸಿಗೋದಿಲ್ಲ. ನನ್ನ ಬಾಯಲ್ಲಿ ಇನ್ನೊಬ್ಬರನ್ನು ಕೂರಿಸೋಕೆ ನಾನು ಒಪ್ಪೋದಿಲ್ಲ. ಹೌದು, ಫೇಲ್ ಆಗಿದ್ದೆ. ಆಮೇಲೆ ಕಲಿತೆ. ಕಲಿತದ್ದಕ್ಕೇ ಇಲ್ಲಿ ನಿಂತಿದ್ದೀನಿ!"

ಸತೀಶನ ಮೃದು ನಗು ಅರ್ಧಕ್ಕೇ ನಿಂತಿತು. ಶಿವದೇವಿ ಹೊರಟುಬಂದಳು.

ಕೋಠಿಯ ಓಣಿಯಲ್ಲಿ ಅವಳ ಅಪ್ಪ ಸೂಗಪ್ಪ ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಆಗಲೇ ಹೇಳಿಕೊಂಡು ಬಂದಿದ್ದರು, ಮಗಳು ಫೋನಿನಲ್ಲಿ ಬರ್ತಾಳೆ ಅಂತ. ಸುದ್ದಿ ಕೇಳಿ ಅಳತೆ ಪಟ್ಟಿ ಕೆಳಗಿಟ್ಟು ಕುಸಿದು ಕೂತರು.

"ದನಿ ಯಾರದಾದ್ರ ಏನವ್ವಾ? ಮಾರಿ ನಿಂದಾ ಇರ್ತೈತಲ್ಲ. ಹೂಂ ಅಂದ್ಬಿಡು."

"ಅಪ್ಪಾ, ಬೋರ್ಡಿನ ಮ್ಯಾಲ ನಿಮ್ಮ ಹೆಸರು ಬರದು, ಗಾದಿ ಮ್ಯಾಲ ಇನ್ನೊಬ್ರು ಕುಂತು ಅಂಗಡಿ ನಡಿಸಿದ್ರ ನೀವು ಹೂಂ ಅಂತೀರೇನು?"

ಸೂಗಪ್ಪನವರು ಅಳತೆ ಪಟ್ಟಿ ಎತ್ತಿಕೊಂಡು ಗಿರಾಕಿಯ ಕಡೆ ತಿರುಗಿದರು.

ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳ ಸಂಜೆಯ ತರಗತಿ ನಡೆಯುತ್ತಿತ್ತು. ಆಸ್ಪತ್ರೆಯ ನರ್ಸುಗಳು, ಸೀರೆ ಅಂಗಡಿಯ ಹುಡುಗಿಯರು, ಕ್ಯಾಬ್ ಓಡಿಸುವವರು. ಎಲ್ಲರ ಕೈಯಲ್ಲೂ ಬಟ್ಟೆಯ ಚಿಂದಿ, ಟಾಚಣಿ. ಆ ದಿನ ಅವಳು ಪಾಠ ಶುರು ಮಾಡಲಿಲ್ಲ. ಬೋರ್ಡಿಗೆ ಬೆನ್ನು ಕೊಟ್ಟು ನಿಂತು, ಹಿಂದಿಯಲ್ಲಿ, ಮೊದಲ ಸಲ ತನ್ನ ಬಾಯಿಂದಲೇ ಹೇಳಿದಳು.

"ನಾನು ಹತ್ತನೇ ತರಗತಿಯಲ್ಲಿ ಇಂಗ್ಲಿಷ್ ಫೇಲ್. ಇಂಥವಳ ಹತ್ತಿರ ಕಲಿಯೋದು ಬೇಡ ಅನ್ನಿಸಿದವರು ಈಗಲೇ ಎದ್ದು ಹೋಗಬಹುದು."

ಯಾರೂ ಏಳಲಿಲ್ಲ. ಹಿಂದಿನ ಬೆಂಚಿನ ನರ್ಸೊಬ್ಬಳು ಕೈ ಎತ್ತಿದಳು.

"ಮೇಡಂ, ನಾನು ಎರಡು ಸಲ ಫೇಲ್. ಕಾಮಾ ಪಾಠ ಮುಂದುವರಿಸ್ತೀರಾ? ನನಗೆ ಡ್ಯೂಟಿಗೆ ಹೊತ್ತಾಗುತ್ತೆ."

ತರಗತಿಯೆಲ್ಲ ನಕ್ಕಿತು. ಶಿವದೇವಿ ನಗುತ್ತಲೇ ಕಣ್ಣೊರೆಸಿಕೊಂಡಳು. ಇಷ್ಟೇನಾ? ಇಷ್ಟಕ್ಕಾಗಿ ಇಷ್ಟು ವರ್ಷ ಅಂಜಿಕೊಂಡಿದ್ದೆನಾ!

ಆ ವಾರವೇ ಸತೀಶನ ಫೋನ್ ಬಂತು. ಈ ಸಲ ದನಿ ಮೃದುವಾಗಿರಲಿಲ್ಲ.

"ಏನು ಮೇಡಂ, ನೀವು ಮತ್ತು ಋಷಭ್ ಮಾತಾಡಿಕೊಂಡು ಮಾಡ್ತಿದ್ದೀರಾ? ದನಿ ಬದಲಿಸಿದ ಒಂದು ಪಾಠವನ್ನೂ ಅವನು ಪಾಸ್ ಮಾಡ್ತಿಲ್ಲ! ನಾನು ನಿಮ್ಮನ್ನು ಕರೆಸಿ ಹೇಳೋದಕ್ಕೂ ಮುಂಚಿನಿಂದ ಅವನದು ಇದೇ ಹಟ. ಕೆಲಸದಿಂದ ತೆಗೀತೀನಿ ಅಂದರೂ ಜಗ್ಗಲ್ಲ!"

ಶಿವದೇವಿಯ ಹೃದಯ ಒಮ್ಮೆ ನಿಂತು ಹೊಡೆದುಕೊಂಡಿತು. "ನಾನು ಫೇಲ್ ಆಗಿದ್ದು... ನಿಮಗೆ ಅವರೇ ಹೇಳಿದ್ದಲ್ವಾ?"

"ಅವನಾ? ನಮ್ಮ ಬೆಂಗಳೂರಿನ ಎಡಿಟರ್ ಹೇಳಿದ್ದು. ರೆಕಾರ್ಡಿಂಗಿನಲ್ಲಿ ನಿಮ್ಮ ಫೋನ್ ಮಾತೂ ಇತ್ತಂತೆ. ಅದಕ್ಕೂ ಋಷಭ್ ನನ್ನ ಜೊತೆ ಜಗಳ ಆಡಿ ಆ ಮಾತನ್ನೆಲ್ಲ ಅಳಿಸಿಹಾಕಿಸಿದ. ಸರಿ, ಬಿಡಿ... ದನಿ ನಿಮ್ಮದೇ ಇರಲಿ. ಆದರೆ ಆ ಫೇಲಾದ ವಿಷಯ ಮಾತ್ರ ಹೊರಗೆ ಬರಬಾರದು."

"ಬರುತ್ತೆ ಸತೀಶ್ ಗಾರೂ. ಮೊದಲ ಪಾಠ ಅದರಿಂದಲೇ ಶುರುವಾಗುತ್ತೆ. ಫೇಲಾದ ಮಕ್ಕಳೇ ತಾನೇ ನಿಮ್ಮ ಆ್ಯಪ್ ನೋಡೋದು? ಒಪ್ಪಿಗೆ ಇದ್ದರೆ ಹೇಳಿ, ಇಲ್ಲದಿದ್ದರೆ ನನ್ನ ತರಗತಿ ನನಗಿದೆ."

ಫೋನ್ ಇಟ್ಟಳು. ಅವನು ಹೇಳಿರಲಿಲ್ಲ... ಆದರೆ ಕೇಳಿದ್ದು ನಿಜ. ಒಂದು ಮನಸ್ಸು ಮಾದಾಪುರಕ್ಕೆ ಓಡು ಅನ್ನುತ್ತಿತ್ತು, ಇನ್ನೊಂದು ಕಾಲು ಕಟ್ಟಿ ಕೂರು ಅನ್ನುತ್ತಿತ್ತು. ಅವಳು ಎರಡರ ಮಾತನ್ನೂ ಕೇಳದೆ ಚಿಂದಿಗಳ ಮೇಲೆ ವಾಕ್ಯ ಬರೆಯುತ್ತಾ ಕೂತಳು.

ಮರುಸಂಜೆ ತರಗತಿ ಬಿಟ್ಟ ಹೊತ್ತು. ಮೆಟ್ಟಿಲು ಇಳಿಯುತ್ತಿದ್ದ ಜನರನ್ನು ಸರಿಸಿಕೊಂಡು ಒಬ್ಬ ಮೇಲೆ ಹತ್ತಿ ಬಂದ. ಅಂಗಿ ಬೆವರಿನಿಂದ ತೊಯ್ದಿತ್ತು.

"ನಮಸ್ಕಾರ," ಎಂದ ಋಷಭ್. ಕನ್ನಡದಲ್ಲಿ!

ಶಿವದೇವಿ ಬೋರ್ಡ್ ಒರೆಸುತ್ತಲೇ ಇದ್ದಳು. "ಹೇಳ್ರಿ."

"ಸತೀಶ್ ಒಪ್ಪಿದ್ರು. ನಿಮ್ಮ ದನಿ, ನೀವು ಹೇಳಿದ ಹಾಗೆಯೇ ಮೊದಲ ಪಾಠ. ಆದ್ರೆ ನಾನು ಅದನ್ನು ಹೇಳ್ಲಿಕ್ಕೆ ಬಂದದ್ದಲ್ಲ."

"ಮತ್ತ ಯಾಕ ಬಂದ್ರಿ?"

"ನೀವು ಅವತ್ತು ಕೇಳಿದ್ರಿ, ಹೇಳಿದ್ರೆ ನಿಮ್ಮದೇನು ಹೋಗ್ತಿತ್ತು ಅಂತ. ಅದಕ್ಕೆ ಉತ್ತರ ಉಂಟು." ಅವನು ಬಾಗಿಲಲ್ಲೇ ನಿಂತಿದ್ದ, ಒಳಗೆ ಕಾಲಿಡಲಿಲ್ಲ. "ಮೊದಲ ದಿನ ನೀವು ನನ್ನ ಮುಖಕ್ಕೆ ಬೈದದ್ದು ಕೇಳಿ ನಗು ಬಂತು. ನಾಳೆ ಹೇಳಿ ಕಾಡಿಸುವ ಅಂತ ಇದ್ದೆ. ಆಮೇಲೆ... ಇಲ್ಲಿಗೆ ಬಂದ ಮೇಲೆ ನನ್ನ ಕಿವಿಗೆ ಕನ್ನಡ ಬೀಳುವುದು ಅಕ್ಕನ ಫೋನಲ್ಲಿ ಮಾತ್ರ. ನೀವು ಅವ್ವನ ಹತ್ರ ಮಾತಾಡುವಾಗ ನನಗೆ ಊಟ ರುಚಿಸ್ತಿತ್ತು. ಹೇಳಿದ್ರೆ ಅದು ನಿಂತು ಹೋಗ್ತದೆ ಅಂತ ಆಸೆಬುರುಕನಾದೆ."

ಅವಳ ಕೈಯ ಡಸ್ಟರ್ ನಿಂತಿತು.

"ಪರೀಕ್ಷೆಯ ವಿಷಯ ಕೇಳಿದ ದಿನ ನನಗೇ ನಾಚಿಕೆ ಆಯ್ತು. ಅದು ನನ್ನ ಕಿವಿಗೆ ಅಂತ ಹೇಳಿದ ಮಾತಲ್ಲ. ಆಗಲೇ ಮೈಕ್ ವಿಷಯ ಹೇಳಿದ್ರೆ ಎಡಿಟರ್‌ವರೆಗೆ ಹೋಗ್ತಾ ಇರ್ಲಿಲ್ಲ. ತಪ್ಪು ನನ್ನದೇ. ಕ್ಷಮಿಸದಿದ್ರೂ ಸರಿ, ಹೇಳದೆ ಹೋಗ್ಲಿಕ್ಕೆ ಆಗ್ಲಿಲ್ಲ."

"ಮುಗೀತೇನ್ರಿ?"

"ಇಲ್ಲ." ಅವನು ತಲೆಯೆತ್ತಿದ. "ನನಗೆ ನೀವೆಂದ್ರೆ ಇಷ್ಟ. ನಿಮ್ಮ ಹಟ ಇಷ್ಟ. ನಿಮ್ಮ ದನಿಯಂತೂ... ಅದರ ಮೇಲೆ ಇನ್ನೊಬ್ಬರ ದನಿ ಕೂರಿಸಿದ ಆ ಒಂದು ಪಾಠ ನೋಡಿದೆ. ನಿಮ್ಮ ಬಾಯಿ ಆಡ್ತಾ ಇತ್ತು, ನೀವು ಇರ್ಲಿಲ್ಲ. ಪೂರ್ತಿ ನೋಡ್ಲಿಕ್ಕೇ ಆಗ್ಲಿಲ್ಲ ನನಗೆ."

ಶಿವದೇವಿ ತಿರುಗಿ ನೋಡಿದಳು. ಅವನ ಕಣ್ಣಲ್ಲಿ ನೀರಿತ್ತು. ಅವಳ ಸಿಟ್ಟು ಎಷ್ಟು ಹುಡುಕಿದರೂ ಸಿಗಲಿಲ್ಲ.

ಆದರೂ ಸುಮ್ಮನೆ ಬಿಡುವವಳೇ ನಮ್ಮ ಶಿವದೇವಿ?

"ಕೆಳಗ ಅಂಗಡಿಯೊಳಗ ನಮ್ಮಪ್ಪ ಅದಾರ. ಈಗ ನನ್ನ ಮುಂದ ಹೇಳಿದ್ದು ಅವ್ರ ಮುಂದನೂ ಹೇಳ್ತೀರೇನು? ಕನ್ನಡದಾಗ?"

"ಹೇಳ್ತೇನೆ. ಈಗಲೇ!"

ಅವನು ಸರ್ರನೆ ತಿರುಗಿದ. ನಾಲ್ಕು ಮೆಟ್ಟಿಲು ಕೆಳಗೆ ಸೂಗಪ್ಪನವರು ಹೆಗಲ ಮೇಲೆ ಅಳತೆ ಪಟ್ಟಿ ಹಾಕಿಕೊಂಡು ನಿಂತಿದ್ದರು! ಎಲ್ಲವೂ ಕೇಳಿಸಿತ್ತು ಎಂದು ಅವರ ಮುಖವೇ ಹೇಳುತ್ತಿತ್ತು.

"ಯಾವೂರ್ರಿ ತಮ್ಮಾ ನಿಮ್ದು?"

"ಕಾರ್ಕಳ, ಸರ್."

"ಜೈನರು?"

"ಹೌದು."

ಸೂಗಪ್ಪನವರು ಗಂಭೀರವಾಗಿ ಗದ್ದ ಕೆರೆದುಕೊಂಡರು. "ನಮ್ಮನಿಯೊಳಗ ಉಳ್ಳಾಗಡ್ಡಿ ಇಲ್ದ ಪಲ್ಯ ಆಗಂಗಿಲ್ಲ ನೋಡ್ರಿ. ಮತ್ತ ನಾ ಇನ್ನಾ ಹೂಂ ಅಂದಿಲ್ಲ. ನಿಮ್ಮ ಮನಿ ಹಿರ್ಯಾರು ಬರ್ಲಿ, ಕುಂತು ಮಾತಾಡೂಣು."

"ಅಪ್ಪಾ," ಎಂದಳು ಶಿವದೇವಿ ಬಾಗಿಲಿಗೆ ಬಂದು. ಎದೆ ಡವಗುಟ್ಟುತ್ತಿತ್ತು. ತಗ್ಗಿದ ದನಿಯಲ್ಲಿ ಹೇಳುವ ಮಾತಲ್ಲ ಇದು ಎಂದುಕೊಂಡು ತಲೆಯೆತ್ತಿದಳು. "ಹಿರ್ಯಾರು ಬರೂದು ಬರ್ಲಿ. ಇವ್ರನ್ನ ಬಿಟ್ಟು ನಾ ಬ್ಯಾರೆ ಯಾರ್ನೂ ಒಪ್ಪಂಗಿಲ್ಲ. ಈಗಾ ಹೇಳಾಕತ್ತೀನಿ, ಎಲ್ಲಾರಿಗೂ ಕೇಳ್ಲಿ!"

ಕೆಳಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದ ನರ್ಸು, ಮಾತು ತಿಳಿಯದಿದ್ದರೂ ವಿಷಯ ತಿಳಿದು, ಚಪ್ಪಾಳೆ ತಟ್ಟಿದಳು. ಸೂಗಪ್ಪನವರು ಮಗಳನ್ನು ನೋಡಿದರು, ಹುಡುಗನನ್ನು ನೋಡಿದರು. "ಚಾ ಹೇಳ್ತೀನಿ, ಕುಂದರ್ರಿ," ಎಂದು ಗೊಣಗುತ್ತಾ ಕೆಳಗಿಳಿದು ಹೋದರು.

ಇಬ್ಬರೇ ಉಳಿದರು. ಋಷಭ್ ಈಗ ಮೆಲ್ಲಗೆ ಹೊಸ್ತಿಲು ದಾಟಿದ. ಅವಳ ಕೈಯಿಂದ ಡಸ್ಟರ್ ತೆಗೆದು ಮೇಜಿನ ಮೇಲಿಟ್ಟು, ಸೀಮೆಸುಣ್ಣದ ಪುಡಿ ಮೆತ್ತಿದ ಆ ಬೆರಳುಗಳನ್ನು ಹಿಡಿದುಕೊಂಡ.

"ಇಷ್ಟು ದಿನ ನಾವು ಹಿಂದಿಯಲ್ಲೇ ಜಗಳ ಆಡಿದ್ದಲ್ವಾ? ಹೇಳ್ಬೇಕಾದ ಅರ್ಧ ಮಾತು ನನಗೆ ಸಿಗ್ತಾನೇ ಇರ್ಲಿಲ್ಲ. ಅದಕ್ಕೇ ಪ್ರತಿಸಲ ಸೋತೆ."

"ಇನ್ನ ಮುಂದ ಕನ್ನಡದಾಗ ಆಡೂಣ್ರಿ," ಎಂದಳು ಅವಳು, ಕೈ ಬಿಡಿಸಿಕೊಳ್ಳದೆ.

"ಆಗ ಗೆಲ್ತೇನಾ?"

"ಇಲ್ಲ. ಆದ್ರ ಯಾಕ ಸೋತ್ರಿ ಅಂತ ಪೂರ್ತಿ ತಿಳೀತೈತಿ."